ಅತ್ತೆ ಮರೆತರು, ನಾನು ಮರೆತಿರಲಿಲ್ಲ

(ಘಾಟಿ ಸುಬ್ರಹ್ಮಣ್ಯದ ಛತ್ರವೊಂದರಲ್ಲಿ ಸೇರಿದ್ದ ದೊಡ್ಡಬಳ್ಳಾಪುರ ತಾಲ್ಲೂಕಿನ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತನಾಡಿದವರ ಇಚ್ಛೆಯಂತೆ ಹೆಸರು ಹಾಕಿಲ್ಲ.)



ಮೈಕು ಬೇಡ ಅಂತ ನಾನೇ ಹೇಳಿದೆ. ಈಗ ನಾನು ಆಡುವ ಮಾತು ಮೈಕಿನಲ್ಲಿ ಆಡುವಂಥದ್ದಲ್ಲ. ಗೋಡೆಗೆ ಒರಗಿ ಕೂತವರು ಸ್ವಲ್ಪ ಮುಂದಕ್ಕೆ ಬನ್ನಿ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಇವತ್ತು ಇಲ್ಲಿಗೆ ಬರುವುದಕ್ಕೆ ಮನೆಯಲ್ಲಿ ಯಾರನ್ನು ಯಾರ ಕೈಗೆ ಒಪ್ಪಿಸಿ ಬಂದಿರಿ? ಬೆಳಿಗ್ಗೆಯಿಂದ ಒಬ್ಬರು ಮೂರು ಸಲ ಎದ್ದು ಹೋಗಿ ಫೋನು ಮಾಡಿ ಬಂದರು. ಏನಮ್ಮ ಅಂತ ಕೇಳಿದೆ. "ಅತ್ತೇನ ಒಳಗೆ ಬಿಟ್ಟು ಚಿಲಕ ಹಾಕ್ಕೊಂಡು ಬಂದಿದೀನಕ್ಕ. ಪಕ್ಕದ ಮನೆ ಹುಡುಗಿಗೆ ಕಿಟಕೀಲಿ ನೋಡ್ತಿರು ಅಂತ ಹೇಳಿದೀನಿ" ಅಂದರು. ಅಷ್ಟು ಹೇಳುವುದರೊಳಗೆ ಕಣ್ಣು ತುಂಬಿಕೊಂಡರು. ವಯಸ್ಸಾದವರನ್ನು ಕೂಡಿ ಹಾಕಿದ್ದಕ್ಕೆ ನಾನು ಬೈಯುತ್ತೇನೆ ಅಂತ ಅವರಿಗೆ ಭಯ. ನಾನು ಬೈಯುವವಳಲ್ಲ. ಯಾಕೆ ಅಂತ ನನ್ನ ಕಥೆ ಕೇಳಿದರೆ ಗೊತ್ತಾಗುತ್ತದೆ.

ನನ್ನ ಮದುವೆ ಆದದ್ದು 1989ರಲ್ಲಿ, ದೊಡ್ಡಬಳ್ಳಾಪುರದ ನೇಕಾರರ ಮನೆಗೆ. ಮನೆಯೊಳಗೇ ನಾಲ್ಕು ವಿದ್ಯುತ್ ಮಗ್ಗ. ಕರೆಂಟು ಇರುವಷ್ಟು ಹೊತ್ತೂ ಸದ್ದು, ಮಾತಾಡಬೇಕಾದರೆ ಕೂಗಬೇಕು. ಆ ಮನೆಯಲ್ಲಿ ಅತ್ತೆ ಬೈದದ್ದು ಬೀದಿಗೆ ಕೇಳುತ್ತಿರಲಿಲ್ಲ, ನಾನು ಅತ್ತದ್ದೂ ಕೇಳುತ್ತಿರಲಿಲ್ಲ. ಮದುವೆ ಮಾತುಕತೆಯಲ್ಲಿ ಮೂರು ತೊಲದ ಅವಲಕ್ಕಿ ಸರ ಅಂತ ಒಪ್ಪಿಗೆಯಾಗಿತ್ತು. ನಮ್ಮಪ್ಪನ ಕೈಲಿ ಎರಡು ತೊಲ ಮಾತ್ರ ಆಯಿತು. ಆ ಒಂದು ತೊಲಕ್ಕಾಗಿ ಎರಡು ವರ್ಷ ನಾನು ಕೇಳಿದ ಮಾತುಗಳನ್ನು ಇಲ್ಲಿ ಹೇಳುವುದಿಲ್ಲ, ನಿಮ್ಮಲ್ಲಿ ಅನೇಕರಿಗೆ ಅವು ಬಾಯಿಪಾಠ ಇರುತ್ತವೆ. ಬಿಸಿ ಸೌಟಿನ ಗುರುತು ಇಗೋ ಈ ಮೊಣಕೈ ಹತ್ತಿರ ಈಗಲೂ ಇದೆ. ಆರು ತಿಂಗಳ ಮಗುವಿನ ಜೊತೆ ತವರಿಗೆ ಕಳಿಸಿದರು. ನಾಲ್ಕು ತಿಂಗಳು ಯಾರೂ ಕರೆಯೋಕೆ ಬರಲಿಲ್ಲ. ಕೊನೆಗೆ ನಮ್ಮಮ್ಮ ತನ್ನ ಕತ್ತಿನಲ್ಲಿದ್ದ ಸರವನ್ನೇ ಬಿಚ್ಚಿ ಕೊಟ್ಟು ನನ್ನನ್ನು ಕರೆತಂದು ಬಿಟ್ಟಳು. ಅತ್ತೆ ಆ ಸರವನ್ನು ನನ್ನ ಕತ್ತಿಗೆ ಹಾಕಲಿಲ್ಲ, ತಾವೇ ಹಾಕಿಕೊಂಡರು. ನನ್ನ ಗಂಡ ಅವತ್ತು ಮಗ್ಗದ ಹತ್ತಿರ ನಿಂತಿದ್ದರು, ತಲೆ ಎತ್ತಲಿಲ್ಲ.

ಆಮೇಲೆ ವರ್ಷಗಳು ಹೋದವು. ಮಕ್ಕಳು ದೊಡ್ಡವರಾದರು. 2001ರಲ್ಲಿ ನಾನು ಸ್ತ್ರೀಶಕ್ತಿ ಸಂಘಕ್ಕೆ ಸೇರಿದೆ. ಅತ್ತೆಯ ಬಾಯೂ ಸ್ವಲ್ಪ ಮೆತ್ತಗಾಯಿತು. 2011ರ ಸುಮಾರಿಗೆ ಅವರಿಗೆ ಮರೆವು ಶುರುವಾಯಿತು. ಊಟ ಮಾಡಿ ಕೈ ತೊಳೆದ ಹತ್ತು ನಿಮಿಷಕ್ಕೆ "ನಂಗೆ ಅನ್ನ ಹಾಕಿಲ್ಲ" ಅನ್ನುವುದು. ನಲವತ್ತು ವರ್ಷದಿಂದ ನಡೆದ ಬೀದಿಯಲ್ಲಿ ಮನೆ ಸಿಗದೆ ನಿಂತುಬಿಡುವುದು. ಹೊತ್ತು ಮುಳುಗಿದರೆ ಸಾಕು, "ನಮ್ಮೂರಿಗೆ ಹೋಗ್ಬೇಕು, ಬಾಗಿಲು ತೆಗಿ" ಅಂತ ಕದ ಬಡಿಯುವುದು. ಇದಕ್ಕಿಂತ ಹೆಚ್ಚಾಗಿ ನನ್ನನ್ನು ಸುಟ್ಟದ್ದು ಇನ್ನೊಂದು. ಅವರು ಆ ಸರವನ್ನು ತಾವೇ ಬಿಚ್ಚಿ ಎಲ್ಲೆಲ್ಲೋ ಇಡುತ್ತಿದ್ದರು, ಅಕ್ಕಿ ಡಬ್ಬದಲ್ಲಿ, ದಿಂಬಿನೊಳಗೆ, ಒಂದು ಸಲ ಬಚ್ಚಲ ಹಂಡೆಯ ಹಿಂದೆ. ಇಟ್ಟದ್ದು ಮರೆಯುತ್ತಿದ್ದರು. ಆಮೇಲೆ ಬೀದಿಗೆ ಬಂದು ಕೂಗುತ್ತಿದ್ದರು: "ನನ್ ಸರ ಕದ್ಲು, ಈ ಮನೆಹಾಳಿ ನನ್ ಸರ ಕದ್ಲು!"

ನಮ್ಮಮ್ಮನ ಸರ. ಅದನ್ನು ನಾನು ಕದ್ದೆನಂತೆ.

ಇನ್ನೂ ಎರಡು ವರ್ಷಕ್ಕೆ ಅವರು ಸರವನ್ನೂ ಮರೆತರು, ವರದಕ್ಷಿಣೆಯನ್ನೂ ಮರೆತರು, ನಾನು ಸೊಸೆ ಅನ್ನುವುದನ್ನೂ ಮರೆತರು. ನನ್ನನ್ನು "ಅಮ್ಮ" ಅಂತ ಕರೆಯತೊಡಗಿದರು. ನೋಡಿದವರಿಗೆಲ್ಲ ಕರುಳು ಚುರ್ ಅನ್ನುತ್ತಿತ್ತು. ನನಗೆ ಕೋಪ ಬರುತ್ತಿತ್ತು. ಯಾರ ಹತ್ತಿರ ಜಗಳ ಆಡಲಿ? ಅವರ ಲೆಕ್ಕದ ಪುಸ್ತಕ ಅಳಿಸಿ ಹೋಗಿತ್ತು, ನನ್ನದು ಹಾಗೇ ಇತ್ತು. ನನಗೆ ಸೌಟಿನಲ್ಲಿ ಹೊಡೆದ ಹೆಂಗಸು ಎಲ್ಲಿಗೋ ಹೊರಟುಹೋಗಿ, ಅವರ ಮೈಯನ್ನು ಮಾತ್ರ ತೊಳೆಯುವುದಕ್ಕೆ ನನಗೆ ಬಿಟ್ಟು ಹೋಗಿದ್ದರು.

2015ರ ಒಂದು ರಾತ್ರಿ ನಾಲ್ಕನೇ ಸಲ ಹಾಸಿಗೆ ಬದಲಾಯಿಸುತ್ತಿದ್ದೆ. ಅವರು ನನ್ನ ಕೈ ಕಚ್ಚಿದರು. ನಾನು ಕೆನ್ನೆಗೆ ಹೊಡೆದೆ. ಒಂದು ಸಲ ಅಲ್ಲ, ಎರಡು ಸಲ. ಯಾರೂ ನೋಡಲಿಲ್ಲ. ಬೆಳಿಗ್ಗೆ ಕೆನ್ನೆ ಕೆಂಪಗಿತ್ತು. ನಾನು ಕಾಫಿ ಕುಡಿಸಲು ಹೋದಾಗ ಗುಟ್ಟು ಹೇಳುವವರ ಹಾಗೆ ನನ್ನ ಕಿವಿ ಹತ್ತಿರ ಬಂದು, "ಅಮ್ಮ, ರಾತ್ರಿ ಯಾರೋ ಹೊಡುದ್ರು ಕಣಮ್ಮ" ಅಂದರು.

ಆ ಹೊತ್ತಿಗೆ ನಾನು ಸಂಘದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೆ. ಏಟು ತಿಂದ ಹೆಣ್ಣುಮಕ್ಕಳ ಜೊತೆ ಠಾಣೆ ಮೆಟ್ಟಿಲು ಹತ್ತಿದ್ದೆ. ದೌರ್ಜನ್ಯದ ಬಗ್ಗೆ ಬೀದಿ ನಾಟಕದಲ್ಲಿ ಪಾತ್ರ ಮಾಡಿದ್ದೆ. ಮುಚ್ಚಿದ ಬಾಗಿಲ ಹಿಂದೆ, ತಿರುಗಿ ಹೇಳಲಾರದವರ ಮೇಲೆ, ಕೈ ಎತ್ತಿದವಳು ನಾನೇ ಆದೆ. ಇದನ್ನು ಏನೆಂದು ಕರೆಯಬೇಕು ಅಂತ ನಮಗೆಲ್ಲ ಗೊತ್ತು. ನನಗೆ ಸುಸ್ತಾಗಿತ್ತು, ನನಗೆ ಹಳೆಯ ಗಾಯ ಇತ್ತು ಅಂತ ಹೇಳಿ ಅದಕ್ಕೆ ಬೇರೆ ಹೆಸರು ಕೊಡುವುದಿಲ್ಲ. ಹೊಡೆದೆ ಅಂತಲೇ ಹೇಳುತ್ತೇನೆ.

ಈಗ ಕಾಯಿಲೆಯ ವಿಷಯಕ್ಕೆ ಬರೋಣ. "ಅರವತ್ತಕ್ಕೆ ಅರಳು ಮರಳು" ಅಂತ ಗಾದೆ ಮಾಡಿ ಇಟ್ಟುಕೊಂಡಿದ್ದೇವಲ್ಲ, ಈ ಗಾದೆ ನಮಗೆ ತುಂಬ ಅನ್ಯಾಯ ಮಾಡಿದೆ. ಅರವತ್ತಾದ ಎಲ್ಲರಿಗೂ ಇದು ಬರುವುದಿಲ್ಲ. ಇದು ಮಿದುಳಿನ ಕಾಯಿಲೆ, ಡಾಕ್ಟರುಗಳು ಡಿಮೆನ್ಷಿಯಾ ಅನ್ನುತ್ತಾರೆ. ಅದರಲ್ಲಿ ಹೆಚ್ಚು ಕಾಣುವ ಬಗೆ ಅಲ್ಝೈಮರ್. ಆ ಹೆಸರು ಒಬ್ಬ ಜರ್ಮನ್ ವೈದ್ಯರದ್ದು. 1901ರಲ್ಲಿ ಫ್ರಾಂಕ್‌ಫರ್ಟ್ ಊರಿನ ಆಸ್ಪತ್ರೆಗೆ ಸೇರಿಸಿದ್ದ 51 ವರ್ಷದ ಒಬ್ಬ ಗೃಹಿಣಿಯನ್ನು ಅವರು ಪರೀಕ್ಷೆ ಮಾಡಿದರು, ಆಕೆ 1906ರಲ್ಲಿ ತೀರಿಕೊಂಡ ಮೇಲೆ ಮಿದುಳನ್ನೂ ನೋಡಿದರು. ಆ ಹೆಂಗಸಿಗೆ ಮೊದಲು ಕಾಣಿಸಿದ್ದು ಗಂಡನ ಮೇಲೆ ಅನುಮಾನ. ಕಳ್ಳಿ ಅನ್ನುವುದು, ವಿಷ ಹಾಕಿದಳು ಅನ್ನುವುದು, ಸೊಸೆಯ ನಡತೆ ಸರಿಯಿಲ್ಲ ಅನ್ನುವುದು, ಇವೆಲ್ಲ ಕಾಯಿಲೆಯ ಮಾತು ಆಗಿರಬಹುದು. ನನಗೆ ಇದು ನಾಲ್ಕು ವರ್ಷ ಮುಂಚೆ ಗೊತ್ತಾಗಿದ್ದರೆ ಆ ಬೀದಿ ಜಗಳಗಳಲ್ಲಿ ಅರ್ಧವಾದರೂ ತಪ್ಪುತ್ತಿತ್ತು. ಆದರೆ ಒಂದು ಎಚ್ಚರಿಕೆ. ಎಲ್ಲ ಅತ್ತೆಯರ ಬೈಗುಳವೂ ಕಾಯಿಲೆ ಅಲ್ಲ. ನನ್ನ ಅತ್ತೆ 1989ರಲ್ಲಿ ಬೈದದ್ದು ಪೂರ್ತಿ ಬುದ್ಧಿ ನೆಟ್ಟಗಿದ್ದಾಗಲೇ.

2023ರಲ್ಲಿ ಪ್ರಕಟವಾದ ಒಂದು ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ, ಅಂದರೆ ನೂರರಲ್ಲಿ ಏಳು ಜನಕ್ಕಿಂತ ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ಇದು ಬೆಂಗಳೂರಿನ ದೊಡ್ಡ ಮನೆಗಳ ಕಾಯಿಲೆ ಅಂತ ತಿಳಿದವರು ಇದ್ದಾರೆ, ಅದು ತಪ್ಪು. ಪಕ್ಕದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು ನಮ್ಮ ನಿಮ್ಮಂಥ ಜನರ ಮಿದುಳಿನ ಮುಪ್ಪನ್ನು ವರ್ಷಗಟ್ಟಲೆ ಅಧ್ಯಯನ ಮಾಡುತ್ತಿದ್ದಾರೆ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಆದರೆ ಥೈರಾಯ್ಡ್ ತೊಂದರೆಗೂ, ಬಿ12 ಜೀವಸತ್ವ ಕಡಿಮೆಯಾದರೂ, ಮನಸ್ಸು ಕುಗ್ಗಿದರೂ ಹೀಗೇ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಆದ್ದರಿಂದ ದೇವರ ಕಾಟ, ವಯಸ್ಸಿನ ಕಾಟ ಅಂತ ಕೂರದೆ ಒಂದು ಸಲ ಪರೀಕ್ಷೆ ಮಾಡಿಸಲೇಬೇಕು. 2022ರಲ್ಲಿ ನಮ್ಮ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮಿದುಳು ಆರೋಗ್ಯದ ಯೋಜನೆ ಶುರು ಮಾಡಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಚಿಕಿತ್ಸಾಲಯ ತೆರೆಯತೊಡಗಿತು. ಆಶಾ ಕಾರ್ಯಕರ್ತೆಯನ್ನು ಕೇಳಿ, ಅವರು ದಾರಿ ತೋರಿಸುತ್ತಾರೆ.

ಸರಿ, ಕಾಯಿಲೆ ಬಂದವರನ್ನು ನೋಡಿಕೊಳ್ಳುವವರು ಯಾರು? ಇಲ್ಲಿಗೆ ಬರುವಾಗ ನಾಗರ ಕಲ್ಲುಗಳ ಸಾಲು ನೋಡಿದಿರಲ್ಲ. ಎಷ್ಟು ಹೆಣ್ಣುಮಕ್ಕಳು ಗಂಡು ಮಗುವಾಗಲಿ ಅಂತ ಹರಕೆ ಹೊತ್ತು ಆ ಕಲ್ಲು ನಿಲ್ಲಿಸಿದ್ದಾರೋ. ಯಾಕೆ ಗಂಡು ಬೇಕು ಅಂದರೆ ಮುಪ್ಪಿಗೆ ಆಸರೆ ಅನ್ನುತ್ತಾರೆ. ಮುಪ್ಪಿನಲ್ಲಿ ನೀರು ಹಾಕಿ, ಬಾಯಿ ಒರೆಸಿ, ಹಾಸಿಗೆ ಬದಲಾಯಿಸುವವಳು ಯಾರದೋ ಮನೆಯಲ್ಲಿ ಬೇಡ ಬೇಡ ಅಂತ ಹುಟ್ಟಿದ ಹೆಣ್ಣು! 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ತಂದೆ ತಾಯಿಯನ್ನು ನೋಡಿಕೊಳ್ಳಬೇಕಾದ ಮಕ್ಕಳು ಯಾರು ಅಂತ ಬರೆದಿದ್ದಾರೆ. ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಆ ಪಟ್ಟಿಯಲ್ಲಿ ಸೊಸೆ ಇಲ್ಲ. ಕಾನೂನು ಕೇಳದ ಕೆಲಸವನ್ನು ಮನೆ ಕೇಳುತ್ತದೆ. ಕೇಂದ್ರ ಸರ್ಕಾರದವರು 2019ರಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿದರು. ಆಗ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದಳು, ಅದೇ ಕೆಲಸ ಮಾಡುವ ಗಂಡಸು 97 ನಿಮಿಷ. ಕಾಯಿಲೆಯವರ ಆರೈಕೆಗೆ ಹೋಗುವ ಹೊತ್ತು ಇದರ ಮೇಲೆ ಬೇರೆ.

ಹೀಗೆ ವರ್ಷಗಟ್ಟಲೆ ಮಾಡಿದವರಿಗೆ ಏನಾಗುತ್ತದೆ? ಇಂಗ್ಲಿಷಿನಲ್ಲಿ ಬರ್ನ್‌ಔಟ್ ಅನ್ನುತ್ತಾರೆ. ನಾವು "ಬೆಂದುಹೋಗಿದೀನಿ" ಅನ್ನುತ್ತೇವೆ, ಅದೇ ಸರಿಯಾದ ಮಾತು. ನಿದ್ದೆ ಬರುವುದಿಲ್ಲ, ಬಂದರೆ ಏಳಲಾಗುವುದಿಲ್ಲ. ಮೈಯೆಲ್ಲ ನೋವು, ಯಾವ ಡಾಕ್ಟರಿಗೂ ಕಾರಣ ಸಿಗುವುದಿಲ್ಲ. ಮಕ್ಕಳ ಮೇಲೆ ಸುಮ್ಮನೆ ರೇಗುವುದು. ಒಂದು ಹಂತ ದಾಟಿದ ಮೇಲೆ ರೇಗುವುದೂ ನಿಂತು ಏನೂ ಅನ್ನಿಸದ ಹಾಗೆ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ಮತ್ತೆ, ಹೇಳಲೇಬಾರದ ಒಂದು ಯೋಚನೆ ಬರುತ್ತದೆ: ಇವರು ಯಾವಾಗ ಹೋಗುತ್ತಾರೋ. ಇಲ್ಲಿ ಕೂತವರಲ್ಲಿ ಆ ಯೋಚನೆ ಬಂದವರು ಇದ್ದರೆ ಕೈ ಎತ್ತಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ. ನನಗೂ ಬಂದಿತ್ತು.

2016ರಲ್ಲಿ ಬೆಂಗಳೂರಿನಲ್ಲಿ ಇಂಥ ಮನೆಯವರ ಒಂದು ಸಭೆಗೆ ಹೋದೆ. ಹೋದದ್ದು ಔಷಧಿ ಕೇಳುವುದಕ್ಕೆ. ಅಲ್ಲಿ ಒಬ್ಬ ಹುಡುಗಿ ನಮಗೆಲ್ಲ ಒಂದೊಂದು ದಪ್ಪ ಹಾಳೆ, ಮೇಣದ ಬಣ್ಣದ ಕಡ್ಡಿ ಕೊಟ್ಟು, ಏನಾದರೂ ಬರೆಯಿರಿ ಅಂದಳು. ನನಗೆ ಸಿಟ್ಟು ಬಂತು. ಬಸ್‌ಚಾರ್ಜು ಕೊಟ್ಟು ಬಂದದ್ದು ಅಂಗನವಾಡಿ ಮಕ್ಕಳ ಆಟಕ್ಕಾ ಅಂದುಕೊಂಡೆ. ಕಪ್ಪು ಕಡ್ಡಿ ತಗೊಂಡು ಹಾಳೆ ತುಂಬ ಗೀಚಿದೆ. ಹುಡುಗಿ ಏನೂ ಅನ್ನಲಿಲ್ಲ, ಇನ್ನೊಂದು ಹಾಳೆ ಕೊಟ್ಟಳು. ಎರಡನೆಯದರಲ್ಲಿ ಕೈ ತಾನಾಗಿ ಅವಲಕ್ಕಿ ಕಾಳಿನ ಹಾಗೆ ಸಣ್ಣ ಸಣ್ಣ ಹಳದಿ ಗುರುತು ಇಡತೊಡಗಿತು. ಒಂದರ ಪಕ್ಕ ಒಂದು. ಹಾಳೆಯ ಅಂಚು ಸುತ್ತಿ, ಒಳಕ್ಕೆ ಸುತ್ತಿ, ಮತ್ತೂ ಒಳಕ್ಕೆ ಸುತ್ತಿ. ಮುಕ್ಕಾಲು ಗಂಟೆ ಆಗಿದೆ ಅಂತ ಅವಳು ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ. ಆ ಮುಕ್ಕಾಲು ಗಂಟೆ ನಾನು ಅತ್ತೆಯನ್ನು ನೆನೆಸಿಕೊಂಡಿರಲಿಲ್ಲ. ಬರೆದದ್ದು ಮಾತ್ರ ಅವರನ್ನೇ.

ಇದಕ್ಕೆ ಕಲಾ ಚಿಕಿತ್ಸೆ ಅನ್ನುತ್ತಾರೆ, ಆರ್ಟ್ ಥೆರಪಿ. ಏಡ್ರಿಯನ್ ಹಿಲ್ ಅಂತ ಇಂಗ್ಲೆಂಡಿನ ಒಬ್ಬ ಕಲಾವಿದ ಕ್ಷಯ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ತಾನು ಬರೆದ ಚಿತ್ರಗಳೇ ತನ್ನನ್ನು ಎಬ್ಬಿಸಿದ್ದನ್ನು ಕಂಡು 1942ರಲ್ಲಿ ಈ ಹೆಸರು ಕೊಟ್ಟ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. 39 ಜನಕ್ಕೆ ಮಣ್ಣು, ಬಣ್ಣ, ಕತ್ತರಿಸಿದ ಕಾಗದ ಕೊಟ್ಟು 45 ನಿಮಿಷ ಏನು ಬೇಕಾದರೂ ಮಾಡಿ ಅಂದರು. ಮೊದಲೂ ಆಮೇಲೂ ಎಂಜಲು ಪರೀಕ್ಷೆ ಮಾಡಿ, ಮೈ ಒತ್ತಡದಲ್ಲಿದ್ದಾಗ ಹೆಚ್ಚುವ ಕಾರ್ಟಿಸಾಲ್ ಅನ್ನುವ ರಸವನ್ನು ಅಳೆದರು. ನಾಲ್ವರಲ್ಲಿ ಮೂವರಿಗೆ ಅದು ಇಳಿದಿತ್ತು, ಮೊದಲು ಚಿತ್ರ ಬರೆದು ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ಒಂದೇ ರೀತಿ. ಉಳಿದ ಒಬ್ಬರಿಗೆ ಇಳಿಯಲಿಲ್ಲ. ಅದನ್ನೂ ನೆನಪಿಡಿ, ಎಲ್ಲರಿಗೂ ಇದು ಒಗ್ಗುವುದಿಲ್ಲ.

ನನಗೆ ತಿಳಿದ ಹಾಗೆ ಹೇಳುವುದಾದರೆ ಹೀಗೆ. ಈ ಗುಡಿಯಲ್ಲಿ ಸುಬ್ರಹ್ಮಣ್ಯ ಪೂರ್ವಕ್ಕೆ ಮುಖ ಮಾಡಿದ್ದಾನೆ. ಅದೇ ಕಲ್ಲಿನ ಬೆನ್ನಿಗೆ ನರಸಿಂಹ, ಪಶ್ಚಿಮಕ್ಕೆ. ನಾವು ಮುಂದೆ ನಿಂತರೆ ನರಸಿಂಹ ಕಾಣುವುದಿಲ್ಲ, ಹಿಂದೆ ಇಟ್ಟ ಕನ್ನಡಿಯಲ್ಲಿ ನೋಡಬೇಕು. ಒಳ್ಳೆ ಸೊಸೆ, ತಾಳ್ಮೆಯ ಹೆಂಗಸು ಅಂತ ಊರು ನೋಡುವ ನಮ್ಮ ಮುಖದ ಬೆನ್ನಿಗೂ ಒಂದು ಉಗ್ರ ಮುಖ ಇರುತ್ತದೆ. ಅದನ್ನು ಬಾಯಲ್ಲಿ ಹೇಳಿದರೆ ಪಾಪ ಅನ್ನಿಸುತ್ತದೆ. ಹಾಳೆಯ ಮೇಲೆ ನೋಡಬಹುದು.

ಊರಿಗೆ ಬಂದು ನಮ್ಮ ಸಂಘದಲ್ಲಿ ಶುರು ಮಾಡಿದೆವು. ಸರಿಯಾದ ಕಲಾ ಚಿಕಿತ್ಸೆ ಮಾಡುವವರು ಮನಶ್ಶಾಸ್ತ್ರವನ್ನೂ ಕಲೆಯನ್ನೂ ಓದಿ ತರಬೇತಿ ಪಡೆದಿರುತ್ತಾರೆ. ನಾವು ಮಾಡುವುದು ಅದಲ್ಲ, ಒಟ್ಟಿಗೆ ಕೂತು ಕೈಗೆ ಕೆಲಸ ಕೊಡುವುದು ಅಷ್ಟೆ. ಹದಿನೈದು ದಿನಕ್ಕೊಮ್ಮೆ, ಉಳಿತಾಯದ ಲೆಕ್ಕ ಮುಗಿದ ಮೇಲೆ ಮುಕ್ಕಾಲು ಗಂಟೆ. ಹಾಳೆಗೆ ಹಳೇ ಲಗ್ನಪತ್ರಿಕೆಗಳ ಖಾಲಿ ಬೆನ್ನು. ಇದ್ದಿಲು, ಅರಿಶಿನ, ಕೆಮ್ಮಣ್ಣು, ಸುಣ್ಣ. ಕೆರೆಯ ಜೇಡಿಮಣ್ಣು. ಮಗ್ಗದ ಕೆಳಗೆ ಬಿದ್ದ ರೇಷ್ಮೆಯ ತುಂಡು ದಾರ, ಅದನ್ನು ಅಂಟಿಸುವುದಕ್ಕೆ ಮೈದಾ ಗಂಜಿ. ಮೊದಲು ರಂಗೋಲಿ ಹಾಕಿಸೋಣ ಅಂದುಕೊಂಡೆ, ಎಲ್ಲರಿಗೂ ಬರುತ್ತಲ್ಲ ಅಂತ. ಕೆಲಸಕ್ಕೆ ಬರಲಿಲ್ಲ. ರಂಗೋಲಿ ಪುಡಿ ಕೈಗೆ ಬಂದ ತಕ್ಷಣ ಎಲ್ಲರೂ ಚುಕ್ಕಿ ಎಣಿಸತೊಡಗಿದರು, ಪಕ್ಕದವರ ಎಳೆ ನೋಡತೊಡಗಿದರು. ಅಲ್ಲೂ ಪರೀಕ್ಷೆ. ಆಮೇಲೆ ಒಬ್ಬರು "ಇವತ್ತು ಚುಕ್ಕಿ ಬೇಡ, ಬೇಕೂಂತ್ಲೆ ಸೊಟ್ಟಗೆ ಹಾಕೋಣ" ಅಂದರು. ಅವತ್ತು ನಕ್ಕಷ್ಟು ನಾವು ಎಂದೂ ನಕ್ಕಿಲ್ಲ.

ಕಟ್ಟಳೆ ಮೂರೋ ನಾಲ್ಕೋ ಇವೆ. ಯಾರ ಚಿತ್ರವನ್ನೂ ಚೆನ್ನಾಗಿದೆ ಅನ್ನಬಾರದು, ಚೆನ್ನಾಗಿಲ್ಲ ಅಂತಲೂ ಅನ್ನಬಾರದು. ಇದು ಇದೇ ಅಂತ ಅರ್ಥ ಹೇಳಬಾರದು. ಬರೆದವಳು ಹೇಳಿದರೆ ಕೇಳಬೇಕು, ಹರಿದು ಹಾಕಿದರೆ ಸುಮ್ಮನಿರಬೇಕು. ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪಿಗೆ ಹಾಕುವುದಂತೂ ಖಂಡಿತ ಇಲ್ಲ.

ಒಬ್ಬಾಕೆ ತನ್ನ ನಾದಿನಿಯನ್ನು ಬರೆದಳು. ಹಾಳೆ ತುಂಬ ದೊಡ್ಡ ಬಾಯಿ, ಆ ಬಾಯಿಗೆ ಒಂದು ಫೋನು, ಮೈಗೆ ಇರುವೆ ಕೈಯಷ್ಟು ಸಣ್ಣ ಎರಡು ಕೈ. ದಿನಾ ಫೋನಿನಲ್ಲಿ "ಅಮ್ಮಂಗೆ ಸರ್ಯಾಗಿ ಊಟ ಕೊಡು" ಅನ್ನುವ ನಾದಿನಿ, ವರ್ಷಕ್ಕೊಂದು ದಿನ ಬರುವುದಿಲ್ಲ. ಇನ್ನೊಬ್ಬಾಕೆಯ ಗಂಡನಿಗೇ ಈ ಕಾಯಿಲೆ. ಮೂವತ್ತು ವರ್ಷ ಹೊಡೆದ ಗಂಡ, ಈಗ ಕರುವಿನ ಹಾಗೆ ಹಿಂದೆ ಹಿಂದೆ ಸುತ್ತುತ್ತಾನೆ. ಆಕೆ ಜೇಡಿಮಣ್ಣಿನಲ್ಲಿ ಒಂದು ಕೈ ಮಾಡುತ್ತಿದ್ದಳು. ಐದೂ ಬೆರಳು ಮಾಡಿ, ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ, ಮತ್ತೆ ಮಾಡುತ್ತಿದ್ದಳು. ಮೂರು ಸಭೆ ಹೀಗೇ ಹೋಯಿತು, ಒಂದು ಮಾತಿಲ್ಲ. ನಾಲ್ಕನೇ ಸಲ ಹೇಳಿದಳು: "ಈ ಕೈ ಈಗ ತುತ್ತು ಎತ್ತಲ್ಲ ಕಣಕ್ಕ. ನಾನೇ ತಿನ್ನಿಸ್ಬೇಕು. ತಿನ್ನಿಸುವಾಗ ನನ್ ಕೈ ನಡುಗ್ತದೆ." ಅವತ್ತು ಆಕೆಯ ಮಾತು ಕೇಳಿದ ಮೇಲೆ ನನ್ನ ಎರಡು ಏಟಿನ ವಿಷಯ ನಾನು ಮೊದಲ ಸಲ ಹೇಳಿದೆ.

ಎಡವಿದ್ದೂ ಉಂಟು. ಒಬ್ಬಳು ಬರೆಯುತ್ತ ಬರೆಯುತ್ತ ಅಳತೊಡಗಿದಳು, ನಿಲ್ಲಿಸಲೇ ಇಲ್ಲ. ಹೊತ್ತಾಯಿತು ಅಂತ ನಾವು ಅವಳನ್ನು ಹಾಗೇ ಮನೆಗೆ ಕಳಿಸಿಬಿಟ್ಟೆವು. ಎರಡು ದಿನ ಊಟ ಮಾಡಲಿಲ್ಲವಂತೆ. ಅದು ನಮ್ಮ ತಪ್ಪು. ಈಗ ಹಾಗಾದರೆ ಯಾರಾದರೂ ಒಬ್ಬರು ಜೊತೆಗೆ ಹೋಗುತ್ತೇವೆ. ಸಾಯಬೇಕು ಅನ್ನುವ ಮಾತು ಬಂದರೆ ಬಣ್ಣ ಬದಿಗಿಟ್ಟು 14416ಕ್ಕೆ ಫೋನು ಮಾಡುತ್ತೇವೆ. ಟೆಲಿ ಮನಸ್ ಅಂತ, 2022ರಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ. ಹಿರಿಯರ ವಿಷಯಕ್ಕೆ 14567. ಈ ಎರಡು ನಂಬರನ್ನು ನಿಮ್ಮ ಸಂಘದ ಪಾಸ್‌ಬುಕ್ಕಿನ ಹಿಂದೆ ಬರೆದಿಟ್ಟುಕೊಳ್ಳಿ.

ಈಗ ನೀವು ಕೇಳಬಹುದು: ಚಿತ್ರ ಬರೆದರೆ ಹಾಸಿಗೆ ಬದಲಾಯಿಸುವವರು ಯಾರು? ಸರಿಯಾದ ಪ್ರಶ್ನೆ. ಒಂದು ಗಂಟೆ ಬಣ್ಣ ಬಳಿದು ಮನಸ್ಸು ಹಗುರ ಮಾಡಿಕೋ, ಆಮೇಲೆ ಹೋಗಿ ಅದೇ ಹೊರೆ ಹೊರು ಅಂತ ಹೇಳುವುದಾದರೆ ಇದು ನಮಗೆ ಬೇಡವೇ ಬೇಡ. ಹೊಡೆಸಿಕೊಂಡು ಬಂದವಳಿಗೆ ಹಣೆಗೆ ಕುಂಕುಮ ಇಟ್ಟು ವಾಪಸು ಕಳಿಸಿದ ಹಾಗೆ. ಅದಕ್ಕೇ ನಮ್ಮಲ್ಲಿ ಹಾಳೆ ಮಡಿಚುವ ಮುಂಚೆ ಒಂದು ಕೆಲಸ ಮಾಡುತ್ತೇವೆ. ಹೊಲದಲ್ಲಿ ಮುಯ್ಯಾಳು ಹೋಗುವುದಿಲ್ಲವೆ? ನಿಮ್ಮ ರಾಗಿ ಕೊಯ್ಲಿಗೆ ನಾನು ಬಂದರೆ ನನ್ನದಕ್ಕೆ ನೀವು ಬರುತ್ತೀರಿ. ಹಾಗೇ ಈ ಕೆಲಸಕ್ಕೂ ಮುಯ್ಯಾಳು. ವಾರಕ್ಕೆ ಎರಡು ಗಂಟೆ ಒಬ್ಬರು ಇನ್ನೊಬ್ಬರ ಮನೆಯಲ್ಲಿ ಕೂರಬೇಕು, ಮನೆಯವಳು ಹೊರಗೆ ಹೋಗಬೇಕು. ಕೆಲವರು ನಿದ್ದೆ ಮಾಡುತ್ತಾರೆ. ಒಬ್ಬಾಕೆ ಬಸ್ಸು ಹತ್ತಿ ಮಾಕಳಿವರೆಗೆ ಹೋಗಿ ಬೆಟ್ಟ ನೋಡಿಕೊಂಡು ವಾಪಸು ಬರುತ್ತಾಳೆ, ಅಷ್ಟೆ. ಪುಷ್ಯ ಮಾಸದ ಇಲ್ಲಿನ ದನಗಳ ಜಾತ್ರೆಗೆ ಜನ ಸೇರುವ ದಿನಗಳಲ್ಲಿ ಎರಡು ಪಾಳಿ ಇಡುತ್ತೇವೆ, ಮರೆವಿನವರು ಗುಂಪಿನಲ್ಲಿ ತಪ್ಪಿಹೋದರೆ ಹುಡುಕುವುದು ಕಷ್ಟ. ರವಿಕೆ, ಅಂಗಿಯ ಒಳಗೆ ಬಟ್ಟೆಯ ಮೇಲೆ ಹೆಸರು, ಫೋನ್ ನಂಬರ್ ಹೊಲಿದು ಕೊಡುತ್ತೇವೆ. ಸೂಜಿ ದಾರ ಹೇಗೂ ಕೈಲಿರುತ್ತದೆ.

ನನ್ನ ಮನೆಯಲ್ಲಿ ಆದದ್ದನ್ನು ಹೇಳಿ ಮುಗಿಸುತ್ತೇನೆ. ಆ ಹಳದಿ ಕಾಳಿನ ಹಾಳೆಯನ್ನು ನಾನು ಮಡಿಚಿ ಬೀರುವಿನಲ್ಲಿ ಇಟ್ಟಿದ್ದೆ. ಒಂದು ದಿನ ಏನೋ ಹುಡುಕುವಾಗ ನನ್ನ ಗಂಡನ ಕೈಗೆ ಸಿಕ್ಕಿತು. ನೋಡಿದ ತಕ್ಷಣ ಅವರಿಗೆ ಗೊತ್ತಾಯಿತು. "ಇದು ನಿಮ್ಮಮ್ಮನ ಸರ ಅಲ್ವಾ" ಅಂದರು. ಇಪ್ಪತ್ತೇಳು ವರ್ಷಗಳಲ್ಲಿ ಆ ಸರದ ಮಾತು ನಮ್ಮಿಬ್ಬರ ನಡುವೆ ಬಂದದ್ದು ಅದೇ ಮೊದಲು. ಬಹಳ ಹೊತ್ತು ಕೂತಿದ್ದು, "ಆಗ ನಾನು ಏನೂ ಅನ್ನಲಿಲ್ಲ" ಅಂದರು. ಹೌದು, ನೀವು ಏನೂ ಅನ್ನಲಿಲ್ಲ ಅಂತ ನಾನೂ ಹೇಳಿದೆ. ಏಟಿನ ವಿಷಯವನ್ನೂ ಅವತ್ತೇ ಹೇಳಿದೆ. ಅವರು ಬೈಯಲಿಲ್ಲ. ಮಂಗಳವಾರ, ಶನಿವಾರ ರಾತ್ರಿ ನನ್ನದು ಅಂದರು. "ಅಮ್ಮನ್ನ ನಾನು ಹೆಂಗೆ ತೊಳೀಲಿ" ಅಂತ ಮೊದಲ ವಾರ ಹಿಂಜರಿದರು. ಅವರು ನಿಮ್ಮನ್ನ ತೊಳೆದಿಲ್ವಾ ಅಂದೆ. ಕಲಿತರು. ಅವರ ತಂಗಿ ತಿಂಗಳಿಗೆ ನಾಲ್ಕು ದಿನ ಬಂದಿರುವುದಕ್ಕೆ ಒಪ್ಪಿಕೊಂಡರು, ಅದು ಸುಲಭಕ್ಕೆ ಆಗಲಿಲ್ಲ, ಒಂದು ಜಗಳವೇ ಆಯಿತು. ವಾರಕ್ಕೆ ಎರಡು ರಾತ್ರಿ ನಿದ್ದೆ ಸಿಕ್ಕ ಮೇಲೆ ನನ್ನ ಕೈ ಮತ್ತೆ ಮೇಲೆ ಏಳಲಿಲ್ಲ.

ಅತ್ತೆಗೂ ಒಂದು ಕೆಲಸ ಸಿಕ್ಕಿತು. ನಾನು ದಾರ ಅಂಟಿಸುತ್ತ ಕೂತಿದ್ದಾಗ ಒಂದು ದಿನ ಅವರು ಕೈ ಚಾಚಿದರು. ಒಂದು ಎಳೆ ಕೊಟ್ಟೆ. ಖಾಲಿ ಕಂಡಿಕೆ ಕೊಟ್ಟೆ. ನನ್ನ ಹೆಸರು ಮರೆತ, ಮಗನ ಮುಖ ಮರೆತ ಆ ಬೆರಳುಗಳು ದಾರ ಸುತ್ತುವುದನ್ನು ಮರೆತಿರಲಿಲ್ಲ. ಕೈಯ ರೂಢಿ ತಲೆಯ ನೆನಪಿಗಿಂತ ಬಹಳ ಕಾಲ ಉಳಿಯುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಸಂಜೆ ಕದ ಬಡಿಯುವ ಹೊತ್ತಿಗೆ ಕಂಡಿಕೆ ಕೊಟ್ಟರೆ ಒಂದು ಗಂಟೆ ಶಾಂತವಾಗಿರುತ್ತಿದ್ದರು. ಅವರು ಸುತ್ತುವುದು, ರಾತ್ರಿ ನಾನು ಬಿಚ್ಚಿಡುವುದು, ಮಾರನೇ ದಿನ ಮತ್ತೆ ಅದನ್ನೇ ಕೊಡುವುದು.

2019ರಲ್ಲಿ ತೀರಿಕೊಂಡರು. ಅವರನ್ನು ಕ್ಷಮಿಸಿದೆಯಾ ಅಂತ ಕೆಲವರು ಕೇಳುತ್ತಾರೆ. ಕ್ಷಮಿಸಿದೆ ಅಂದರೆ ಸುಳ್ಳಾಗುತ್ತದೆ. ಮೊಣಕೈ ಗುರುತು ಹಾಗೇ ಇದೆ. ಅವರು ನನ್ನನ್ನು ಕ್ಷಮಿಸಿದರಾ ಅಂತ ಕೇಳುವುದಕ್ಕೂ ಆಗಲಿಲ್ಲ. ಸರ ಈಗ ನನ್ನ ಹತ್ತಿರ ಇದೆ. ನನ್ನ ಮಗನ ಮದುವೆಯಲ್ಲಿ ಹೆಣ್ಣಿನ ಕಡೆಯಿಂದ ಒಂದ್ಗುಂಜಿ ಕೇಳಲಿಲ್ಲ, ಸೊಸೆಗೆ ಅದನ್ನು ಹಾಕಲೂ ಇಲ್ಲ. ಅದನ್ನು ಏನು ಮಾಡಬೇಕು ಅಂತ ನನಗಿನ್ನೂ ಗೊತ್ತಾಗಿಲ್ಲ.

ಚೀಲದಲ್ಲಿ ಲಗ್ನಪತ್ರಿಕೆ ತಂದಿದ್ದೇನೆ, ಇದ್ದಿಲೂ ಇದೆ. ಎಲ್ಲರೂ ಒಂದೊಂದು ತಗೊಳ್ಳಿ, ಖಾಲಿ ಬೆನ್ನು ಮೇಲೆ ಬರಲಿ. ಮಣ್ಣು ಬೇಕಾದವರು ಆ ಬಕೆಟ್ ಹತ್ತಿರ ಕೂರಿ. ಅತ್ತೆಯನ್ನು ಚಿಲಕ ಹಾಕಿ ಬಂದ ನಮ್ಮ ತಂಗಿಗೆ ಬೇಗ ಹೋಗಬೇಕು, ಅವರಿಗೆ ಮೊದಲು ಕೊಡಿ. ಅವರ ಊರಿನವರು ಯಾರಾದರೂ ಇದ್ದರೆ ಅವರ ಪಕ್ಕ ಬಂದು ಕೂರಿ.